ಸುದ್ದಿ ಕೆಟ್ಟಷ್ಟೂ ಶಾಲು ದಪ್ಪ

ಕಾರ್ತಿಕದ ಎರಡನೇ ಭಾನುವಾರ, ಬೆಳಿಗ್ಗೆ ಏಳು ಇಪ್ಪತ್ತು. ಕುಕನೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಈ ಪತ್ರಿಕೆಗೆ ಇದನ್ನು ಬರೆಯಲು ಶುರು ಮಾಡಿದ್ದೇನೆ.

ಮೊನ್ನೆ ಶುಕ್ರವಾರ ಸಂಜೆ ನಾಲ್ಕಕ್ಕೆ ನಮ್ಮ ಆಫೀಸಿನಲ್ಲಿ ನನ್ನ ಮೇಲಧಿಕಾರಿಗೆ ಬೀಳ್ಕೊಡುಗೆ ಆಯಿತು. ಮುಂಬೈಯ ದೊಡ್ಡ ಆಫೀಸಿನಿಂದ ಬಂದಿದ್ದ ಸೂಟಿನವರೊಬ್ಬರು ಅವರ ಹೆಗಲಿಗೆ ಶಾಲು ಹೊದಿಸಿದರು. ಫೋಟೊ ಮುಗಿಯುವವರೆಗೆ ಅವರು ನಕ್ಕರು. ಆಮೇಲೆ ಶಾಲಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿ, ಪಕ್ಕದಲ್ಲಿದ್ದ ನನಗಷ್ಟೇ ಕೇಳುವಂತೆ, "ಭಾಳ ದಪ್ಪ ಐತಿ ತಂಗಿ," ಎಂದರು.

ಕೊಪ್ಪಳದ ಹೊರಗೆ ಹೊಗೆ ಬಿಡುವ ಕಾರ್ಖಾನೆಗಳಲ್ಲಿ ನಮ್ಮದೂ ಒಂದು. ಯಾವುದೆಂದು ಬರೆದರೆ ನನ್ನ ಕೆಲಸ ಹೋಗುತ್ತದೆ. ಅವರು ಅಲ್ಲಿ ಸಾರ್ವಜನಿಕ ಸಂಪರ್ಕಾಧಿಕಾರಿ. ನಾನು ನಾಲ್ಕು ವರ್ಷ ಅವರ ಎದುರಿನ ಮೇಜಿನಲ್ಲಿ ಕೂತು ಪತ್ರಿಕಾ ಪ್ರಕಟಣೆಗಳನ್ನು ಟೈಪು ಮಾಡಿದವಳು. ಅವರ ಹೆಸರನ್ನೂ ಬರೆಯುವುದಿಲ್ಲ. ಅದು ಅವರದೇ ಪಾಠ. ಯಾವ ಪ್ರಕಟಣೆಯಲ್ಲೂ ಅವರು ಹೆಸರು ಹಾಕಗೊಡುತ್ತಿರಲಿಲ್ಲ. "ಹೆಸರು ಹಾಕಿದ್ರ ಯಾರರ ಒಬ್ಬರು ಉತ್ತರ ಕೊಡಬೇಕಾಗತೈತಿ. ‘ಆಡಳಿತ ಮಂಡಳಿ’ ಅಂತ ಬರಿ. ಅದಕ್ಕ ಮನಿ ಇಲ್ಲ, ಮಾರಿ ಇಲ್ಲ. ಯಾರು ಹೋಗಿ ಬೈತಾರ?"

ಅವರ ಬೆನ್ನ ಹಿಂದೆ ಒಂದು ಕಬ್ಬಿಣದ ಅಲಮಾರಿ ಇತ್ತು. ಬೇರೆಯವರ ಅಲಮಾರಿಗಳಲ್ಲಿ ಫೈಲುಗಳಿದ್ದರೆ ಇದರಲ್ಲಿ ಶಾಲುಗಳಿದ್ದವು. ಮೇಲಿನ ಅರೆಯಲ್ಲಿ ತೆಳ್ಳಗಿನವು, ನಡುವಿನದರಲ್ಲಿ ಜರಿಯಂಚಿನವು, ಕೆಳಗೆ ಚಳಿಗಾಲದಲ್ಲಿ ನಿಜವಾಗಿ ಹೊದೆಯಬಹುದಾದಂಥ ದಪ್ಪನೆಯವು. ಗಂಗಾವತಿಯ ಒಂದೇ ಅಂಗಡಿಯಿಂದ ಸಗಟಾಗಿ ತರಿಸುತ್ತಿದ್ದರು. ಇವರು ಕಲ್ಯಾಣ ಮಂಟಪ ನಡೆಸುವವರೆಂದು ಆ ಅಂಗಡಿಯವನು ತಿಳಿದಿದ್ದ, ಪ್ರತಿ ಸಲ "ಈ ಸಲ ಮುಹೂರ್ತ ಭಾಳ ಅದಾವೇನ್ರಿ?" ಎಂದು ಕೇಳುತ್ತಿದ್ದ. "ಮುಹೂರ್ತ ಇದ್ದಾವಪ್ಪ," ಎನ್ನುತ್ತಿದ್ದರು ಇವರು.

ಕೆಲಸಕ್ಕೆ ಸೇರಿದ ಮೊದಲ ವಾರವೇ ಅಲಮಾರಿ ತೆರೆದು ನನಗೆ ವಿದ್ಯೆ ಹೇಳಿಕೊಟ್ಟರು. "ಕಂಪನಿ ಏನರ ಕೊಡೂದಿದ್ರ ಸುಮ್ನ ಕೊಟ್ಟು ಬರಬೇಕು. ಕೊಟ್ಟಿದ್ದು ಬಂದ್ ಮಾಡೂದಿದ್ರ ಮಾತ್ರ ಸನ್ಮಾನ ಮಾಡಬೇಕು. ಸುದ್ದಿ ಕೆಟ್ಟಷ್ಟೂ ಶಾಲು ದಪ್ಪ ಇರಬೇಕು. ಶಾಲು ಹೊದ್ದ ಮನಷ್ಯಾ ಮೈಕ್ ಮುಂದ ಬೈಯಾಂಗಿಲ್ಲ. ‘ಕಂಪನಿಯವರು ಭಾಳ ಛಲೋ ಮಂದಿ’ ಅಂತಾನ. ಅದನ್ನ ನಾಳಿ ಪೇಪರಿಗೆ ಹಾಕಸೂದು. ಅಷ್ಟೂ ಮುಗೀತು."

ನಾನು ಡೈರಿ ಬರೆಯುವವಳು. ಯಾವ ದಿನ ಏನಾಯಿತು, ಎಷ್ಟಾಯಿತು ಎಂಬುದನ್ನು ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ. ಆ ನಾಲ್ಕು ವರ್ಷಗಳಲ್ಲಿ ಅಲಮಾರಿಯಿಂದ ಮೂವತ್ತೊಂದು ಶಾಲು ಹೊರಗೆ ಹೋದವು. ಕಂಪನಿಯ ಯಾವ ವಾರ್ಷಿಕ ವರದಿಯಲ್ಲೂ ‘ನಿಲ್ಲಿಸಲಾಯಿತು’ ಎಂಬ ಮಾತು ಒಂದು ಸಲವೂ ಬರಲಿಲ್ಲ.

ಕುಷ್ಟಗಿ ಕಡೆಯ ಒಂದು ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಕತೆ ಹೇಳಬೇಕು. ಆ ಶಾಲೆಯ ಬಡ ಮಕ್ಕಳಿಗೆ ನಮ್ಮ ಕಂಪನಿ ವರ್ಷ ವರ್ಷ ವಿದ್ಯಾರ್ಥಿವೇತನ ಕೊಡುತ್ತಿತ್ತು. ಒಂದು ಮಾರ್ಚಿನಲ್ಲಿ ನಾವು ಹೋಗಿ ಹೆಡ್‌ಮಾಸ್ತರರಿಗೆ ಜರಿಯಂಚಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಅವರ ಸೇವೆಯನ್ನು ಹೊಗಳಿ ಬಂದೆವು. ಜೂನ್‌ನಲ್ಲಿ ಅವರು ಮಕ್ಕಳ ಅರ್ಜಿಗಳ ಕಟ್ಟು ಹಿಡಿದು ನಮ್ಮ ಆಫೀಸಿಗೆ ಬಂದರು.

"ಸರ, ಈ ವರ್ಷದ್ದು ಯಾವಾಗ ಬರತೈತ್ರಿ?"

"ಅದು ಸಮಾಪ್ತಿ ಆತಲ್ರಿ ಮಾಸ್ತರ."

"ಯಾವಾಗ್ರಿ? ನಮಗ ಹೇಳೇ ಇಲ್ಲಲ್ರಿ?"

ಇವರು ನಿಜವಾಗಿಯೂ ನೊಂದುಕೊಂಡವರಂತೆ ಮುಖ ಮಾಡಿದರು. "ಶಾಲು ಹಾಕಿದ್ವಲ್ರಿ?"

ಮಾಸ್ತರರು ಅರ್ಜಿಗಳ ಕಟ್ಟನ್ನು ಮೇಜಿನ ಮೇಲೆ ಬಿಟ್ಟು ಹೋದರು. ಅದು ಬಹಳ ದಿನ ಅಲ್ಲೇ ಇತ್ತು. ಇವರು ಅದನ್ನು ತೆಗೆಯಲೂ ಇಲ್ಲ, ತೆಗೆಯಗೊಡಲೂ ಇಲ್ಲ.

ಕೆಟ್ಟ ಮನುಷ್ಯರೇ ಎಂದು ಯಾರಾದರೂ ಕೇಳಿದರೆ ಥಟ್ಟನೆ ಹೌದೆನ್ನಲು ನನಗೆ ಆಗುವುದಿಲ್ಲ. ಮಧ್ಯಾಹ್ನ ತಮ್ಮ ಡಬ್ಬಿಯ ರೊಟ್ಟಿ, ಪುಂಡಿಪಲ್ಯೆಯನ್ನು ಮುಚ್ಚಳದಲ್ಲಿ ಹಾಕಿ ಮೊದಲು ನನ್ನ ಕಡೆ ತಳ್ಳುತ್ತಿದ್ದರು. ಮುಂಬೈಯಿಂದ ಫೋನು ಬಂದರೆ ಎದ್ದು ನಿಂತೇ ಮಾತಾಡುತ್ತಿದ್ದರು. ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತಿದ್ದರು, ಯಾರೋ ಕೂರಲು ಹೇಳಬೇಕು ಎನ್ನುವಂತೆ. ತಾವು ಬರೆದ ವಾಕ್ಯವನ್ನು ಗಟ್ಟಿಯಾಗಿ ಓದಿ, ಉಪ್ಪು ನೋಡುವವರಂತೆ ನಾಲಿಗೆ ಚಪ್ಪರಿಸಿ, "ಹ್ಞಾಂ, ಈಗ ಸತ್ಯ ಕಾಣವಲ್ದು," ಎನ್ನುತ್ತಿದ್ದರು. ನಮ್ಮ ಕುಕನೂರಿನ ದಾರಿಯಲ್ಲಿ ಕಂಪನಿ ನೆಟ್ಟ ಸಸಿಗಳನ್ನು ಆಡುಗಳು ತಿಂದು ಮುಗಿಸಿದಾಗ ಅವರು ಬರೆದದ್ದು ಇದು: ‘ಹಸಿರೀಕರಣದ ಜೊತೆಗೆ ಪಶುಸಂಗೋಪನೆಗೂ ಕಂಪನಿಯ ಕೊಡುಗೆ.’ ಟೈಪು ಮಾಡುತ್ತ ನಾನು ನಕ್ಕೆ. "ನಗಬ್ಯಾಡ. ಆಡು ದಪ್ಪ ಆಗಿದ್ದು ಸುಳ್ಳೇನು?" ಎಂದರು.

ಇನ್ನು ಗಾಡಿಯ ಕತೆ.

ನಮ್ಮ ಕಂಪನಿಗೆ ಒಂದು ಬಿಳಿ ಆರೋಗ್ಯ ವಾಹನ ಇತ್ತು. ಡಾಕ್ಟರು, ನರ್ಸಮ್ಮ, ಔಷಧಿಯ ತಂಪು ಪೆಟ್ಟಿಗೆ, ಚಾಲಕ ಮೆಹಬೂಬ್ ಚಾಚಾ. ವಾರದ ಐದು ದಿನ ಯಲಬುರ್ಗಾ ಕಡೆಯ ಐದು ಊರು. ಕೊಪ್ಪಳದ ಬಸ್ ಸ್ಟ್ಯಾಂಡಿನ ಹತ್ತಿರ ಅದರ ದೊಡ್ಡ ಫಲಕವಿತ್ತು: ‘ನಿಮ್ಮ ಆರೋಗ್ಯವೇ ನಮ್ಮ ಉಕ್ಕು.’ ಹೋದ ವರ್ಷ ಮುಂಬೈಗೆ ಹೊಸ ಸಾಹೇಬರು ಬಂದರು. ಅವರಿಗೆ ಕ್ರಿಕೆಟ್ ಇಷ್ಟ. ಇನ್ನು ಮುಂದೆ ಕಂಪನಿಯ ಸಾಮಾಜಿಕ ಬದ್ಧತೆ ಆರೋಗ್ಯವಲ್ಲ, ಯುವಶಕ್ತಿ ಎಂದು ಮೇಲ್ ಬಂತು. ಅದರ ಕೊನೆಯ ಸಾಲು: ಈ ಬದಲಾವಣೆಯಿಂದ ಕಂಪನಿಯ ಹೆಸರಿಗೆ ಎಲ್ಲೂ ಧಕ್ಕೆ ಬರಬಾರದು. ಫಲಕದಲ್ಲಿ ‘ಆರೋಗ್ಯ’ದ ಮೇಲೆ ಬಿಳಿ ಬಳಿದು ‘ಯೌವನ’ ಎಂದು ಬರೆಸಲಾಯಿತು. ಉಕ್ಕು ಹಾಗೇ ಉಳಿಯಿತು.

ಇವರು ಅಲಮಾರಿಯ ಕೆಳಗಿನ ಅರೆ ತೆರೆದರು.

ನಾಲ್ಕು ಊರುಗಳಲ್ಲಿ ಕೆಲಸ ಸಲೀಸಾಗಿ ಆಯಿತು. ಹಿರಿಯರಿಗೆ ಶಾಲು, ಪಂಚಾಯ್ತಿಯವರಿಗೆ ಹಾರ, ಫೋಟೊ, ‘ಭಾಳ ಛಲೋ ಮಂದಿ’. ಮುಂದಿನ ವಾರದಿಂದ ಗಾಡಿ ಇಲ್ಲ. ಐದನೆಯದು ಬುಧವಾರದ ಊರು. ಎರೆಹೊಲಗಳ ನಡುವೆ ಇರುವ ಆ ಊರಿಗೆ ಸುದ್ದಿ ನಮಗಿಂತ ಮೊದಲು ಮುಟ್ಟಿತ್ತು. ನಮ್ಮ ಜೀಪು ಊರಬಾಗಿಲ ಅಗಸಿ ದಾಟುತ್ತಿದ್ದಂತೆ ಯಾರೋ "ಶಾಲ್ ಸಾಹೇಬ ಬಂದಾ!" ಎಂದು ಕೂಗಿದರು. ಕಟ್ಟೆಯ ಮೇಲೆ ಕೂತಿದ್ದ ಹಿರಿಯರು ಒಬ್ಬೊಬ್ಬರೇ ಎದ್ದು ಹೊಲದ ಕಡೆ ನಡೆದರು. ಸಿಕ್ಕವರು ಪಂಚಾಯ್ತಿ ಸದಸ್ಯ ಬಸಪ್ಪ ಒಬ್ಬರೇ. ಶಾಲು ಬಿಚ್ಚುತ್ತಿದ್ದಂತೆ ಅವರು ಎರಡೂ ಕೈ ಅಡ್ಡ ಹಿಡಿದರು.

"ನನಗ ಬ್ಯಾಡ್ರಿ ಸಾಹೇಬ್ರ. ಮೈ ಕಾವ್ ಐತಿ."

"ಗೌರವ ಐತ್ರಿ ಇದು, ಬಸಪ್ಪಾರ."

"ಗೌರವ ಗಾಡಿಯೊಳಗ ಬರಲ್ರಿ. ಬುಧವಾರಕ್ಕೊಮ್ಮೆ ಬರಲಿ."

ವಾಪಸು ಬರುವಾಗ ಜೀಪಿನಲ್ಲಿ ಇವರು ಶಾಲನ್ನು ಮತ್ತೆ ಮಡಚಿ ಕವರಿಗೆ ಹಾಕಿದರು. ಆಮೇಲೆ ತೊಡೆ ತಟ್ಟಿಕೊಂಡು ಹೇಳಿದರು: "ಮನಷ್ಯಾರು ಒಲ್ಲೆ ಅಂದ್ರ ಗಾಡಿಗೇ ಸನ್ಮಾನ ಮಾಡೂಣು. ಗಾಡಿ ಒಲ್ಲೆ ಅನ್ನಂಗಿಲ್ಲ."

ಮುಂದಿನ ಬುಧವಾರ ಗಾಡಿಯನ್ನು ತೊಳೆದು, ಬಾಳೆಕಂಬ ಕಟ್ಟಿ, ಚೆಂಡುಹೂವಿನ ಹಾರ ಹಾಕಿ ಊರಿಗೆ ಒಯ್ದೆವು. ಪತ್ರಿಕೆಯವರು ಬಂದಿದ್ದರು. ಹೆಣ್ಣುಮಕ್ಕಳು ಆರತಿ ಮಾಡಲೆಂದು ನರ್ಸಮ್ಮನ ಕೈಯಲ್ಲಿ ಮೊದಲೇ ಹೇಳಿ ಕಳಿಸಿದ್ದೆವು. ಆ ಹೆಂಗಸರಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವಳು ಹನುಮವ್ವ. ಐವತ್ತರ ಆಸುಪಾಸು, ಒಂಟಿ ಹೆಂಗಸು, ಕೂಲಿ ಕೆಲಸ. ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಎಡಗಾಲಿನ ಬೆರಳಿಗೆ ಮಾಯದ ಹುಣ್ಣು. ಇನ್ಸುಲಿನ್ ಕೊಡುವುದು, ಹುಣ್ಣು ತೊಳೆದು ಪಟ್ಟಿ ಕಟ್ಟುವುದು, ಎರಡೂ ಈ ಗಾಡಿಯಲ್ಲೇ. ಅವಳು ಆರತಿ ತಟ್ಟೆ ಹಿಡಿದುಕೊಂಡೇ ಕೇಳಿದಳು:

"ಗಾಡಿ ಎಲ್ಲಿಗ್ ಹೊಂಟೈತ್ರಿ ಯಪ್ಪಾ?"

ಇವರು ಕ್ಯಾಮೆರಾ ಕಡೆ ನೋಡಿ ನಕ್ಕು, "ಮಗಳು ಗಂಡನ ಮನಿಗೆ ಹೊಂಟಾಳ ಅಂತ ತಿಳ್ಕೋ ಯವ್ವಾ," ಎಂದರು.

"ಹೌದ್ರಿ? ಗಂಡನ ಮನಿ ಯಾವೂರು?"

"ಕಂಪನೀನ ಗಂಡನ ಮನಿ."

ಹನುಮವ್ವ ಗಾಡಿಗೆ ಆರತಿ ಬೆಳಗಿದಳು. ಆಮೇಲೆ ಹಿಂದೆ ತಿರುಗಿ, "ಏ ಶಂಕ್ರವ್ವಾ, ಅಕ್ಕಿ, ಕೊಬ್ಬರಿ, ಕುಬಸದ ಬಟ್ಟಿ ತೊಗೊಂಡ್ ಬಾ. ಮಗಳ್ನ ಬರೇ ಉಡಿಲೆ ಕಳಸ್ತಾರೇನ?" ಎಂದಳು. ಐದು ಮಂದಿ ಮುತ್ತೈದೆಯರು ಮುಂದೆ ಬಂದರು. "ಚಾಚಾ, ಇದರ ಉಡಿ ಎಲ್ಲೈತಿ?" ಎಂದು ಕೇಳಿದರು. ಮೆಹಬೂಬ್ ಚಾಚಾ ತಲೆ ಕೆರೆದುಕೊಂಡು, ಎಡಗಡೆಯ ಸೀಟಿನ ಮುಂದಿದ್ದ ಡಬ್ಬಿಯ ಮುಚ್ಚಳ ತೆರೆದರು. ಅರಿಸಿನ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ಬಟ್ಟೆ ಹಾಕಿ ಗಾಡಿಗೆ ಉಡಿ ತುಂಬಿದರು. ನಾಲ್ಕೈದು ಹೆಂಗಸರು ನಿಜವಾಗಿಯೂ ಅತ್ತರು. ಆ ಕಣ್ಣೀರು ಇವರಿಗೆ ಶಾಲಿಲ್ಲದೆ ಸಿಕ್ಕ ಮೊದಲ ಯಶಸ್ಸು.

ಆಫೀಸಿಗೆ ಬಂದವರೇ ನಿಂತುಕೊಂಡು ಹೇಳಿ ಬರೆಸಿದರು: ‘ಮನೆಮಗಳನ್ನು ಗಂಡನ ಮನೆಗೆ ಕಳುಹಿಸಿದಂತೆ ಗ್ರಾಮಸ್ಥರು ತುಂಬಿದ ಕಣ್ಣುಗಳಿಂದ ಆರೋಗ್ಯ ವಾಹನವನ್ನು ಬೀಳ್ಕೊಟ್ಟರು.’ ಎಲ್ಲ ಪತ್ರಿಕೆಗಳಲ್ಲೂ ಬಂತು. ಮುಂಬೈಯವರು ಕುಣಿದಾಡಿದರು. ಬದ್ಧತೆ ಬಿಟ್ಟದ್ದಕ್ಕೆ ಇಷ್ಟು ಪ್ರೀತಿ ಯಾವ ಕಂಪನಿಗೆ ಸಿಕ್ಕಿತ್ತು? ಬಸ್ ಸ್ಟ್ಯಾಂಡಿನ ಫಲಕ ಮತ್ತೆ ಬದಲಾಯಿತು. ಗಾಡಿಗೆ ಆರತಿ ಬೆಳಗುತ್ತಿರುವ ಹನುಮವ್ವನ ಫೋಟೊ, ಕೆಳಗೆ: ‘ನಿಮ್ಮೂರ ಮಗಳು, ನಮ್ಮ ಮನೆಯ ಬೆಳಕು.’ ಗಾಡಿಯೊಳಗಿನ ಮಂಚ ಕಿತ್ತು ಕ್ರಿಕೆಟ್ ಬ್ಯಾಟು, ಪ್ಯಾಡು ತುಂಬಿದರು.

ಆಷಾಢದಲ್ಲಿ ಒಂದು ದಿನ ಸಂಜೆಯ ಬಸ್ಸಿನಲ್ಲಿ ಹನುಮವ್ವ ಸಿಕ್ಕಳು. ಎಡಗಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿದ್ದಳು. ಔಷಧಿಗೆ ಎರಡು ಬಸ್ಸು ಬದಲಿಸಿ ಪೇಟೆಗೆ ಹೋಗಬೇಕು, ಒಂದು ದಿನದ ಕೂಲಿ ತಪ್ಪುತ್ತದೆ ಎಂದು ಅರ್ಧರ್ಧ ಚುಚ್ಚಿಕೊಳ್ಳುತ್ತಿದ್ದಳಂತೆ.

"ಡಾಕ್ಟರು ಏನಂದ್ರು?" ಎಂದು ಕೇಳಿದೆ.

"ಹಿಂಗ ಬಿಟ್ರ ಪಾದಾನ ತಗೀಬೇಕಾಗತೈತಿ ಅಂದ್ರವಾ. ನಡಿಯಾಕ ಬರಲಿಲ್ಲಂದ್ರ ನನಗ ಕೂಲಿಗಿ ಯಾರು ಕರಿತಾರ?" ಎಂದು ಹೇಳಿ, ಕಿಟಕಿಯ ಹೊರಗೆ ಫಲಕ ದಾಟಿದಾಗ ತನ್ನ ಫೋಟೊ ನೋಡಿ ನಕ್ಕಳು. "ಮಗಳು ಅಲ್ಲಿ ಛಲೋ ಅದಾಳಿಲ್ಲ?"

ಕ್ರಿಕೆಟ್ ಸಾಮಾನು ಹೊರುತ್ತಿದೆ ಎಂದೆ.

"ಹಮಾಲಿ ಮಾಡಸಾಕ ಹತ್ಯಾರನ್ನು. ಇರಲಿ. ಪಂಚಮಿ ದೂರಿಲ್ಲ."

ನಮ್ಮ ಕಡೆ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಗಂಡನ ಮನೆಗೆ ಹೋದ ಮಗಳನ್ನು ತವರಿನವರು ಹೋಗಿ ಕರೆತರಬೇಕು. ಕಳಿಸದ ಗಂಡನ ಮನೆಗೆ ಊರಲ್ಲಿ ಮಾನವಿಲ್ಲ. ಇದನ್ನು ಇಲ್ಲಿ ಯಾರೂ ಯಾರಿಗೂ ವಿವರಿಸುವುದಿಲ್ಲ.

ರೊಟ್ಟಿ ಪಂಚಮಿಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಎರಡು ಟಂಟಂ ಆಟೊ ತುಂಬ ಹೆಂಗಸರು ಕಾರ್ಖಾನೆಯ ಗೇಟಿಗೆ ಬಂದಿಳಿದರು. ಕೈಯಲ್ಲಿ ಸಜ್ಜೆ ರೊಟ್ಟಿಯ ಗಂಟು, ಶೇಂಗಾ ಉಂಡಿ, ಎಳ್ಳುಂಡಿಯ ಡಬ್ಬಿಗಳು. ಹನುಮವ್ವ ಕುಂಟುತ್ತ ಮುಂದೆ ಇದ್ದಳು. ಗೇಟಿನ ಕಾವಲುಗಾರ ಬಿಹಾರದ ಹುಡುಗ. ಹರಕು ಕನ್ನಡ ಕಲಿತಿದ್ದ.

"ಯಾರು ಬೇಕು?"

"ಮಗಳ್ನ ಕರಿಯಾಕ ಬಂದೀವಪ್ಪಾ."

"ಯಾವ ಡಿಪಾರ್ಟ್‌ಮೆಂಟ್?"

"ಅದೆಲ್ಲ ನಮಗ ಗೊತ್ತಿಲ್ಲ. ಬಿಳೀ ಬಣ್ಣ. ನಾಕ್ ಗಾಲಿ."

ಉಡಿ ತುಂಬಿದ್ದನ್ನು ಬರೆದಿದ್ದ ಪತ್ರಿಕೆಯವರೇ ಹನ್ನೊಂದರ ಹೊತ್ತಿಗೆ ಬಂದರು. ಹೆಂಗಸರು ಘೋಷಣೆ ಕೂಗಲಿಲ್ಲ, ಮನವಿ ಕೊಡಲಿಲ್ಲ. ಗೇಟಿನ ನೆರಳಿನಲ್ಲಿ ಕೂತು, ಬೀಗರ ಮನೆಗೆ ಬಂದವರಂತೆ, ಕಾವಲುಗಾರನಿಗೂ ಪತ್ರಕರ್ತರಿಗೂ ಉಂಡಿ ಹಂಚಿದರು. ಕೇಳಿದವರಿಗೆಲ್ಲ ಒಂದೇ ಮಾತು: "ಮಗಳ ಅಂತ ಅವರ ಬರಸ್ಯಾರ. ಪಂಚಮಿಗೆ ಕಳಸವಲ್ರು."

ಒಳಗೆ ಇವರು ಮುಂಬೈಗೆ ಫೋನು ಹಚ್ಚಿ ನಿಂತಿದ್ದರು. ಆ ಕಡೆಯ ದನಿ ನನಗೂ ಕೇಳುತ್ತಿತ್ತು. ‘ಪಂಚಮಿ’ ಅಂದರೆ ಯಾವ ಕಾರ್ಮಿಕ ಸಂಘ, ಅದರ ನಾಯಕರು ಯಾರು ಎಂದು ಅವರು ಹಿಂದಿಯಲ್ಲಿ ಕೇಳಿದರು. ಅದು ಹಬ್ಬ ಎಂದು ಇವರು ಹೇಳಿದರು. ಹಾಗಾದರೆ ಸಿಹಿ ಹಂಚಿ ಕಳಿಸಿ ಎಂದರು. ಸಿಹಿ ಅವರೇ ತಂದಿದ್ದಾರೆ ಎಂದು ಇವರು ಹೇಳಿದರು. ಆಗ ಇವರು, ನಾನು ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳದಷ್ಟು ಸರಳವಾಗಿ ಹೇಳಿದರು: ಸಾಹೇಬ್ರೇ, ನಾವು ಅವರ ಮಗಳನ್ನು ಫಲಕದ ಮೇಲೆ ಹಾಕಿಕೊಂಡಿದ್ದೇವೆ. ಇವತ್ತು ಕಳಿಸದಿದ್ದರೆ ನಾಳೆಯಿಂದ ಈ ಜಿಲ್ಲೆಯಲ್ಲಿ ನಮ್ಮ ಕಂಪನಿ ಸೊಸೆಯನ್ನು ಕಾಡುವ ಮನೆ. ಆ ಹೆಸರು ಒಮ್ಮೆ ಬಂದರೆ ಯಾವ ಶಾಲಿನಿಂದಲೂ ಮುಚ್ಚುವುದಕ್ಕಾಗುವುದಿಲ್ಲ.

ಒಂದು ದಿನದ ಮಟ್ಟಿಗೆ ಗಾಡಿ ಕಳಿಸಲು ಒಪ್ಪಿಗೆ ಬಂತು. ಇವರು ಅಲ್ಲಿಗೇ ಬಿಡಲಿಲ್ಲ. ಮಗಳು ತವರಿಗೆ ಬರಿಗೈಯಲ್ಲಿ ಹೋಗಬಾರದು ಎಂದು ಹೇಳಿ, ಬ್ಯಾಟು ಪ್ಯಾಡು ಇಳಿಸಿ, ಡಾಕ್ಟರಿಗೂ ನರ್ಸಮ್ಮನಿಗೂ ಹೇಳಿ ಕಳಿಸಿ, ಔಷಧಿಯ ಪೆಟ್ಟಿಗೆ ತುಂಬಿಸಿದರು.

ಗಾಡಿ ಹೋಯಿತು, ಮರುದಿನ ಬರಲಿಲ್ಲ. ಮೆಹಬೂಬ್ ಚಾಚಾ ಊರಿಂದ ಫೋನು ಮಾಡಿದರು: "ಸಾಬ್, ಮಂಗಳವಾರ ಶುಕ್ರವಾರ ಮಗಳ್ನ ಕಳಸಂಗಿಲ್ಲಂತ. ನಡುವ ಹುಣ್ಣಿವಿ ಬರತೈತಂತ. ಚಾವಿ ಹನುಮವ್ವನ ಸೊಂಟದಾಗ ಐತಿ. ನನಗ ದಿನಾ ಹೋಳಿಗಿ ಹಾಕಾಕ ಹತ್ಯಾರ, ನಾ ಏನ್ ಮಾಡ್ಲಿ?" ಪೊಲೀಸರನ್ನು ಕಳಿಸಿ ಎಂದು ಮುಂಬೈಯವರು ಹೇಳಿದರು. ತವರಿಂದ ಮಗಳನ್ನು ಎಳೆದು ತರುವ ಫೋಟೊ ಯಾವ ಪುಟದಲ್ಲಿ ಬರಲಿ ಎಂದು ಇವರು ವಿನಯದಿಂದ ಕೇಳಿದರು.

ಹತ್ತು ದಿನದ ಮೇಲೆ, ಬುಧವಾರಕ್ಕೊಮ್ಮೆ ತವರಿಗೆ ಕಳಿಸುವ ಮಾತಿನ ಮೇಲೆ ಗಾಡಿ ಮರಳಿತು, ನಾನು ಒಂದು ಪ್ರಕಟಣೆ ಟೈಪು ಮಾಡಿದೆ. ‘ತವರಿನ ಬುಧವಾರ: ಗ್ರಾಮೀಣ ಆರೋಗ್ಯಕ್ಕೆ ಕಂಪನಿಯ ನೂತನ ಹೆಜ್ಜೆ.’ ಗಾಡಿ ಮೊದಲ ಸಲ ಶುರುವಾದಾಗಿನ ಹಳೆಯ ಪ್ರಕಟಣೆಯನ್ನೇ ಅವರು ಹೊಸದಾಗಿ ಹೇಳಿ ಬರೆಸಿದ್ದರು. ತಲೆಬರಹ ಬಿಟ್ಟರೆ ಒಂದು ಅಲ್ಪವಿರಾಮವೂ ಬದಲಾಗಿರಲಿಲ್ಲ. ಮುಂಬೈಯ ಸಾಹೇಬರಿಗೆ ಅದಕ್ಕೆ ಎಲ್ಲಿಯದೋ ಒಂದು ಪ್ರಶಸ್ತಿಯೂ ಬಂತು.

ಹನುಮವ್ವನ ಒಂದು ಬೆರಳು ಹೋಯಿತು. ಪಾದ ಉಳಿಯಿತು. ಈಗ ಕಡಲೆ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಾಳೆ.

ಇವರು ‘ಮಗಳು’ ಎಂದು ಬೇಕೆಂದೇ ಹೇಳಿದರೇ? ಮೆಹಬೂಬ್ ಚಾಚಾ ಹೌದೆಂದು ಆಣೆ ಮಾಡುತ್ತಾರೆ. "ಕುಷ್ಟಗಿ ಕಡೆ ಮನಷ್ಯಾ ಅದಾನ. ಮೂರು ಮಂದಿ ತಂಗ್ಯಾರ್ನ ಪ್ರತಿ ಪಂಚಮಿ ಮುಂಚೆ ರಜಾ ಹಾಕಿ ತಾನ ಕರಕೊಂಡ್ ಬರತಾನ. ಅವಗ ಗೊತ್ತಿಲ್ಲೇನು?" ನಾನು ಹಳೆಯ ಪ್ರಕಟಣೆಗಳನ್ನೆಲ್ಲ ತೆಗೆದು ನೋಡಿದೆ. ‘ಮನೆಮಗಳಂತೆ’ ಎಂದು ಅವರು ಅದಕ್ಕೆ ಮೊದಲೂ ಒಂಬತ್ತು ಸಲ ಬರೆಸಿದ್ದಾರೆ. ಒಮ್ಮೆ ಒಂದು ಕೊಳವೆಬಾವಿಗೆ, ಒಮ್ಮೆ ವಿದ್ಯುತ್ ಟ್ರಾನ್ಸ್‌ಫಾರ್ಮರಿಗೆ. ನನ್ನ ತೀರ್ಮಾನ: ಅದು ಬಾಯಿಚಟ. ಕರೆಯಲು ಬಂದ ಮೇಲೆ ಮಾತ್ರ ಅವರಿಗೆ ತಂಗಿಯರ ನೆನಪಾಗಿರಬೇಕು. ಶುಕ್ರವಾರ ಅವರನ್ನೇ ನೇರವಾಗಿ ಕೇಳಿದೆ. ಹೊಸ ಶಾಲನ್ನು ನೀಟಾಗಿ ಮಡಚುತ್ತ, "ಈ ಹಂತದೊಳಗ ಆ ಬಗ್ಗೆ ಪ್ರತಿಕ್ರಿಯೆ ಕೊಡೂದು ಸೂಕ್ತ ಅಲ್ಲ ತಂಗಿ," ಎಂದರು. ನಗಲಿಲ್ಲ.

ಹಾಗಾಗಿ ಅವರನ್ನು ಒಳ್ಳೆಯವರ ಪಟ್ಟಿಗೆ ಸೇರಿಸಲು ನಾನು ಅವಸರ ಮಾಡುವುದಿಲ್ಲ. ಗಾಡಿ ಬುಧವಾರ ಒಂದೇ ಊರಿಗೆ ಹೋಗುತ್ತದೆ. ಉಳಿದ ದಿನ ಅದರಲ್ಲಿ ಬ್ಯಾಟುಗಳಿರುತ್ತವೆ. ಶಾಲು ಹೊದ್ದ ನಾಲ್ಕು ಊರುಗಳು ಶಾಲು ಹೊದ್ದುಕೊಂಡೇ ಇವೆ. ಅಲ್ಲಿಯೂ ಯಾರಾದರೂ ಅರ್ಧರ್ಧ ಚುಚ್ಚಿಕೊಳ್ಳುತ್ತಿದ್ದರೇ ಎಂದು ಅವರು ಕೇಳಲಿಲ್ಲ, ಅವರು ಇರುವವರೆಗೆ ನಾನೂ ಹೋಗಿ ನೋಡಲಿಲ್ಲ.

ಇಲ್ಲಿಗೆ ಬರುವ ಮೊದಲು ಅವರು ಬೇರೆ ಕಾರ್ಖಾನೆಗಳಲ್ಲೂ ಇದೇ ಕೆಲಸ ಮಾಡಿದವರು. ಅಲ್ಲಿ ಅವರೊಡನೆ ಇದ್ದವರು ಇದನ್ನು ಓದಿದರೆ, ಅವರು ಎಂದಾದರೂ ಗೊತ್ತಿದ್ದೇ ಹೀಗೊಂದು ಮಾತು ಬಿಟ್ಟದ್ದುಂಟೇ ಎಂದು ಈ ಪತ್ರಿಕೆಗೆ ಬರೆಯಿರಿ. ಅದಕ್ಕಿಂತ ಮೊದಲು ಆ ನಾಲ್ಕು ಊರಿನವರು ಬರೆಯಿರಿ: ಸೋಮವಾರ, ಮಂಗಳವಾರ, ಗುರುವಾರ, ಶುಕ್ರವಾರ ಗಾಡಿಗೆ ಕಾಯುತ್ತಿದ್ದವರು ಯಾರು ಯಾರು, ಈಗ ಹೇಗಿದ್ದಾರೆ? ನಮ್ಮ ಆಫೀಸಿನಲ್ಲಿ ನಿಮ್ಮ ನಗುಮುಖದ ಫೋಟೊಗಳಿವೆ. ಬೇರೇನೂ ಇಲ್ಲ.